ಹುಲ್ಲು ಕತ್ತರಿಸುವ ಯಂತ್ರವೂ ಶ್ರಾವಕನ ಯತ್ನಾಚಾರವೂ

ಗೃಹಸ್ಥನ ಬಾಳಿನಲ್ಲಿ ಹಿಂಸೆಯ ಪ್ರಶ್ನೆ ಯಾವ ಬಾಗಿಲಿನಿಂದ ಒಳಗೆ ಬರುತ್ತದೆಂಬುದನ್ನು ಮೊದಲೇ ಹೇಳಲಾಗದು. ಅಡುಗೆಯ ಮನೆಯಲ್ಲಿ ಅದನ್ನು ಎದುರುಗೊಳ್ಳುವ ಅಭ್ಯಾಸ ನಮ್ಮ ತಾಯಂದಿರಿಗಿದೆ. ಅಂಗಡಿಯಲ್ಲಿ, ಉಗ್ರಾಣದಲ್ಲಿ ಅದನ್ನು ಎದುರುಗೊಳ್ಳುವ ಅಭ್ಯಾಸ ನಮ್ಮಂತಹ ವರ್ತಕರಿಗಿದೆ. ಆದರೆ ನನ್ನ ಮನೆಗೆ ಅದು ಹೋದ ವರ್ಷದ ಬೇಸಿಗೆ ರಜೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯೊಳಗೆ, ಮಗನ ಪ್ರೀತಿಯ ಕಾಣಿಕೆಯಾಗಿ ಬಂದಿತು.

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಮಗ ನರಸಿಂಹರಾಜಪುರದ ನಮ್ಮ ಮನೆಯ ಮುಂದೆ ಐದು ಗುಂಟೆಯಷ್ಟು, ಅಂದರೆ ಸುಮಾರು 500 ಚದರ ಮೀಟರ್ ಜಾಗದಲ್ಲಿ, ಮೊಮ್ಮಕ್ಕಳ ಆಟಕ್ಕೆಂದು ಹುಲ್ಲುಹಾಸು ಬೆಳೆಸಿದ್ದನು. ಅದನ್ನು ಕತ್ತರಿಸುವುದಕ್ಕೆಂದು ಅವನು ತಂದದ್ದು ತಾನೇ ಓಡಾಡುವ ಯಂತ್ರ. ನೋಡಲು ಆಮೆಯ ಆಕಾರ. ಬ್ಯಾಟರಿಯ ಬಲದಿಂದ ಹುಲ್ಲಿನ ಮೇಲೆ ಸಂಚರಿಸುತ್ತದೆ, ಹೊಟ್ಟೆಯಡಿಯ ತಿರುಗುವ ಅಲಗುಗಳಿಂದ ಹುಲ್ಲಿನ ತುದಿಯನ್ನು ಕತ್ತರಿಸುತ್ತದೆ, ಬ್ಯಾಟರಿ ಇಳಿದಾಗ ತಾನೇ ತನ್ನ ನೆಲೆಗೆ ಮರಳಿ ಚಾರ್ಜ್ ಆಗಿ ಮತ್ತೆ ಹೊರಡುತ್ತದೆ. ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿಯು ಬಿಸಿಲಿನ ಶಕ್ತಿಯಿಂದ ನಡೆಯುವ ಇಂತಹ ಯಂತ್ರವನ್ನು 1995ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು. ಇಂದು ಹಲವು ಕಂಪನಿಗಳು ಇವನ್ನು ತಯಾರಿಸುತ್ತವೆ. ಯೂರೋಪಿನ ಮನೆಗಳಲ್ಲಿ ಇವು ಸಾಮಾನ್ಯ ವಸ್ತುವಾಗಿವೆ.

ಹಗಲಿನಲ್ಲಿ ಮಕ್ಕಳು ಆಡುತ್ತಾರೆಂಬ ಕಾರಣಕ್ಕೆ ಮಗನು ಯಂತ್ರದ ವೇಳೆಯನ್ನು ರಾತ್ರಿ ಎಂಟರಿಂದ ಹನ್ನೊಂದರವರೆಗೆ ನಿಗದಿ ಮಾಡಿ ಊರಿಗೆ ಮರಳಿದನು. ಮೇ ತಿಂಗಳು ಹೀಗೆಯೇ ಕಳೆಯಿತು. ಜೂನ್ ಮೊದಲ ವಾರದಲ್ಲಿ ಮುಂಗಾರಿನ ಮೊದಲ ಹದವಾದ ಮಳೆ ಬಿದ್ದಿತು. ಮರುದಿನ ಬೆಳಿಗ್ಗೆ ಜಿನದರ್ಶನಕ್ಕೆಂದು ಹೊರಟಾಗ ಹುಲ್ಲಿನ ನಡುವೆ ಕತ್ತರಿಸಿ ಬಿದ್ದಿದ್ದ ಎರಡು ನೆಲಗಪ್ಪೆಗಳನ್ನು ಕಂಡೆನು. ಒಂದು ಇನ್ನೂ ಉಸಿರಾಡುತ್ತಿತ್ತು. ಯಂತ್ರವು ತನ್ನ ನೆಲೆಯಲ್ಲಿ ಹಸಿರು ದೀಪ ಹೊತ್ತಿಸಿಕೊಂಡು ನಿಂತಿತ್ತು.

ಅದೇ ತಿಂಗಳಿನಲ್ಲಿ ಒಂದು ಬಸದಿಯ ವ್ಯವಸ್ಥಾಪಕ ಸಮಿತಿಯವರು, ಬಸದಿಯ ಸುತ್ತಲಿನ ಹುಲ್ಲಿಗೆ ಇಂತಹ ಯಂತ್ರವನ್ನು ಕೊಳ್ಳಬಹುದೇ ಎಂದು ನನ್ನ ಅಭಿಪ್ರಾಯ ಕೇಳಿದರು. ಸ್ವಂತ ಮನೆಯ ವಿಷಯವಾಗಿದ್ದರೆ ನಾನು ಮೌನವಾಗಿ ಸರಿಪಡಿಸಿಕೊಳ್ಳುತ್ತಿದ್ದೆನೇನೋ. ಧರ್ಮಸ್ಥಾನದ ವಿಷಯವಾದುದರಿಂದ ಕೂಲಂಕಷವಾಗಿ ವಿಚಾರ ಮಾಡಬೇಕಾಯಿತು. ಆ ವಿಚಾರವನ್ನೇ ಇಲ್ಲಿ ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ಹುಲ್ಲನ್ನು ಕತ್ತರಿಸಲೇಬೇಕೆ?

ಮೊದಲ ಪ್ರಶ್ನೆ ಯಂತ್ರದ್ದಲ್ಲ, ಹುಲ್ಲಿನದು. ಹುಲ್ಲು ವನಸ್ಪತಿಕಾಯದ ಏಕೇಂದ್ರಿಯ ಜೀವ. ಸ್ಥಾವರ ಜೀವಗಳ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂಬುದನ್ನು ನಮ್ಮ ಆಚಾರ್ಯರು ಬಲ್ಲವರಾಗಿದ್ದರು. ಆದುದರಿಂದಲೇ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡುವಂತೆಯೂ, ಮನೆವಾರ್ತೆಯಲ್ಲಿ ಒದಗುವ ಆರಂಭೀ ಹಿಂಸೆ, ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಲ್ಲಿ ಒದಗುವ ವಿರೋಧೀ ಹಿಂಸೆಗಳನ್ನು ಆದಷ್ಟು ಕಡಿಮೆ ಮಾಡಿಕೊಳ್ಳುವಂತೆಯೂ ಉಪದೇಶಿಸಿದರು. ಇದರೊಡನೆ ಅನರ್ಥದಂಡವೆಂಬ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಪ್ರಯೋಜನವಿಲ್ಲದೆ ಗಿಡ ಬಳ್ಳಿಗಳನ್ನು ಕಡಿಯುವುದು, ನೆಲ ಅಗೆಯುವುದು, ನೀರು ಚೆಲ್ಲುವುದು ಇವೆಲ್ಲ ಅನರ್ಥದಂಡದಲ್ಲಿ ಪ್ರಮಾದಚರ್ಯೆಯೆಂಬ ಭೇದಕ್ಕೆ ಸೇರಿದವು.

ಹಾಗಾದರೆ ಮಲೆನಾಡಿನ ಮನೆಯ ಮುಂದೆ ಹುಲ್ಲು ಸವರುವುದು ಸಪ್ರಯೋಜನವೋ ನಿಷ್ಪ್ರಯೋಜನವೋ? ನಮ್ಮ ಹಿರಿಯರ ಕಾಲದಲ್ಲಿ ಮನೆಯ ಮುಂದೆ ಹುಲ್ಲುಹಾಸು ಇರಲಿಲ್ಲ. ಸಗಣಿ ಸಾರಿಸಿದ ಅಂಗಳವಿತ್ತು. ಅಲ್ಲಿ ಅಡಿಕೆ ಒಣಗುತ್ತಿತ್ತು. ಸಮನಾಗಿ ಕತ್ತರಿಸಿದ ಹುಲ್ಲುಹಾಸು ಇಂಗ್ಲೆಂಡಿನ ಶ್ರೀಮಂತರ ಮನೆಗಳಿಂದ ಬಂದ ಅಲಂಕಾರ. ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ರೂಪಿಸಿದನು. ಬಟ್ಟೆಯ ಗಿರಣಿಯಲ್ಲಿ ಉಣ್ಣೆಬಟ್ಟೆಯ ಎಳೆಗಳನ್ನು ಸಮಮಾಡುವ ಯಂತ್ರವನ್ನು ನೋಡಿ ಅವನಿಗೆ ಈ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಬಟ್ಟೆಗೆ ಬೇಕಾದ ನುಣುಪನ್ನು ಜೀವವಿರುವ ನೆಲಕ್ಕೂ ಬಯಸಿದ ಆ ಅಭಿರುಚಿ ಇಂದು ನಮ್ಮ ಹೋಂಸ್ಟೇಗಳ ಮುಂದೆಯೂ, ನಮ್ಮ ಮನೆಗಳ ಮುಂದೆಯೂ ಬಂದು ನಿಂತಿದೆ.

ಹಾಗೆಂದು ಎಲ್ಲವನ್ನೂ ಅನರ್ಥದಂಡವೆಂದು ತಳ್ಳಿಹಾಕುವಂತಿಲ್ಲ. ಮಳೆಗಾಲದಲ್ಲಿ ಮನೆಯ ದಾರಿಯಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದರೆ ಹಾವಿನ ಮೇಲೆ ಕಾಲಿಡುವ ಭಯವಿದೆ. ಅದು ಹಾವಿಗೂ ಅಪಾಯ, ನಮಗೂ ಅಪಾಯ. ಇಂಬಳಗಳ ಕಾಟ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳಿಂದ ಹರಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿಯೂ ಅದು ಕಾಣಿಸಿಕೊಂಡಿದೆ. ಮನೆಯ ಹತ್ತಿರ ಪೊದೆ, ತರಗೆಲೆ ಸೇರದಂತೆ ನೋಡಿಕೊಳ್ಳುವುದು ವಿವೇಕವೇ ಸರಿ. ಹೀಗೆ ದಾರಿಯ ಹುಲ್ಲು, ಬಾಗಿಲ ಬಳಿಯ ಹುಲ್ಲು, ಮಕ್ಕಳು ಆಡುವ ಜಾಗದ ಹುಲ್ಲು ಇವನ್ನು ಸವರುವುದಕ್ಕೆ ಕಾರಣವುಂಟು. ಬೇಲಿಯ ಅಂಚಿನವರೆಗೆ ಕಂಬಳಿ ಹಾಸಿದಂತೆ ಕಾಣಬೇಕೆಂಬುದಕ್ಕೆ ಕಣ್ಣಿನ ತೃಪ್ತಿಯಲ್ಲದೆ ಬೇರೆ ಕಾರಣವಿಲ್ಲ. ಒಂದೇ ತೋಟದಲ್ಲಿ ಒಂದು ಭಾಗ ಆರಂಭೀ ಹಿಂಸೆಗೂ ಇನ್ನೊಂದು ಭಾಗ ಅನರ್ಥದಂಡಕ್ಕೂ ಸೇರಬಹುದೆಂಬುದು ನನಗೆ ಅಳತೆಯ ಟೇಪು ಹಿಡಿದು ನಿಂತಾಗಲೇ ಸ್ಪಷ್ಟವಾಯಿತು.

ಮಗನ ವಾದ

ಮಗನೊಡನೆ ದೂರವಾಣಿಯಲ್ಲಿ ಈ ವಿಷಯ ಮಾತನಾಡಿದಾಗ ಅವನು ಒಂದು ವಾದವನ್ನು ಮುಂದಿಟ್ಟನು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. "ಅಪ್ಪಾಜಿ, ಎರಡು ತಿಂಗಳಿಗೊಮ್ಮೆ ಪೆಟ್ರೋಲಿನ ವೀಡ್ ಕಟ್ಟರಿನಿಂದ ಎತ್ತರ ಬೆಳೆದ ಹುಲ್ಲನ್ನು ಹೊಡೆಸುತ್ತಿದ್ದಾಗ ಎಷ್ಟು ಜೀವ ಸಾಯುತ್ತಿದ್ದವೋ ನಾವು ಲೆಕ್ಕವಿಟ್ಟಿದ್ದೇವೆಯೇ? ಕಳೆನಾಶಕ ಹೊಡೆಯುವವರ ತೋಟದಲ್ಲಿ ಎಷ್ಟು ಸಾಯುತ್ತವೆ? ಈ ಯಂತ್ರ ದಿನವೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತದೆ. ಹುಲ್ಲು ಎತ್ತರ ಬೆಳೆಯದಿದ್ದರೆ ಅಲ್ಲಿ ಮೊಲ ಮರಿ ಹಾಕುವುದಿಲ್ಲ, ಹಕ್ಕಿ ಗೂಡು ಕಟ್ಟುವುದಿಲ್ಲ. ಇಲ್ಲದ ಜೀವ ಸಾಯುವುದಾದರೂ ಹೇಗೆ?"

ಇದರಲ್ಲಿ ಸತ್ಯಾಂಶವಿದೆ. ಪೆಟ್ರೋಲ್ ಯಂತ್ರದ ವೇಗದ ತಂತಿಗಾಗಲಿ ಅಲಗಿಗಾಗಲಿ ಎದುರಾದುದೆಲ್ಲ ಚೂರಾಗುತ್ತದೆ. ಅದರ ಸದ್ದಿನಲ್ಲಿ ಹಿಡಿದವನಿಗೆ ಏನೂ ಕೇಳಿಸುವುದಿಲ್ಲ. ಕಳೆನಾಶಕವಂತೂ ನೆಲಕ್ಕೆ ವಿಷ. ಇವುಗಳೊಡನೆ ಹೋಲಿಸಿದರೆ ಹೊಸ ಯಂತ್ರ ಸೌಮ್ಯ. ಹೊಗೆಯಿಲ್ಲ, ಸದ್ದು ಕಡಿಮೆ; ಕತ್ತರಿಸಿದ ಸಣ್ಣ ತುಣುಕುಗಳು ಅಲ್ಲಿಯೇ ಬಿದ್ದು ಗೊಬ್ಬರವಾಗುತ್ತವೆ.

ಆದರೆ ಅವನ ಕೊನೆಯ ಮಾತನ್ನು ನಾನು ಒಪ್ಪಲಾರೆ. ಜೀವಗಳು ವಾಸಿಸದಂತೆ ಮಾಡಿ, ಅಲ್ಲಿ ಸಾವು ಕಡಿಮೆಯಾಯಿತೆಂದು ಹೇಳುವುದು ವ್ಯಾಪಾರವನ್ನೇ ನಿಲ್ಲಿಸಿ ಈ ವರ್ಷ ನಷ್ಟವಾಗಲಿಲ್ಲವೆಂದು ತೋರಿಸುವ ಜಮಾಖರ್ಚಿನಂತೆ. ದಿನವೂ ಕತ್ತರಿಸಿದ ಹುಲ್ಲು ಹೂಬಿಡುವುದಿಲ್ಲ. ಹೂವಿಲ್ಲದ ಕಡೆ ಚಿಟ್ಟೆ, ಜೇನು ಬರುವುದಿಲ್ಲ. ಮೇ ಕೊನೆಯಲ್ಲಿ ನಮ್ಮ ಕಡೆ ಮರಗಳನ್ನೆಲ್ಲ ಬೆಳಗಿಸುವ ಮಿಣುಕುಹುಳುಗಳಿಗೆ ಮರಿಯ ಅವಸ್ಥೆಯಲ್ಲಿ ತೇವವಾದ ನೆಲವೂ ಹುಲ್ಲೂ ಬೇಕು. ಸಾವಿನ ಸಂಖ್ಯೆಯೊಂದೇ ಅಹಿಂಸೆಯ ಅಳತೆಯಲ್ಲ. ಬದುಕಲು ಬಿಟ್ಟ ಜಾಗವೂ ಅಳತೆಯೇ. ಎರಡು ನಯಗಳನ್ನೂ ನೋಡಿದರೆ, ಕತ್ತರಿಸಬೇಕಾದ ಕಡೆ ಸೌಮ್ಯವಾದ ಸಾಧನವಿರಲಿ, ಕತ್ತರಿಸಬೇಕಾಗಿಲ್ಲದ ಕಡೆ ಯಾವ ಸಾಧನವೂ ಬೇಡ ಎಂಬಲ್ಲಿಗೆ ಬರುತ್ತೇವೆ.

ಹೊಣೆ ಯಾರ ಖಾತೆಗೆ?

ನಾನು ಬಿ.ಕಾಂ. ಓದಿದ ವರ್ತಕ. ಕಾಲೇಜಿನಲ್ಲಿ 1872ರ ಭಾರತೀಯ ಕರಾರು ಕಾಯಿದೆಯನ್ನು ಓದುವಾಗ ಏಜೆಂಟನ ಅಧ್ಯಾಯವಿತ್ತು. ಕೊಟ್ಟ ಅಧಿಕಾರದ ಮಿತಿಯಲ್ಲಿ ಏಜೆಂಟನು ಮಾಡಿದ ವ್ಯವಹಾರಕ್ಕೆ ಯಜಮಾನನೇ ಬದ್ಧನೆಂಬುದು ಅದರ ತಿರುಳು. ಗುಮಾಸ್ತನು ಬರೆದುಕೊಟ್ಟ ಚೀಟಿಯನ್ನು ಸಾಹುಕಾರನು ಅಲ್ಲಗಳೆಯಲಾಗದು. ಜಿನಶಾಸನವು ಇದನ್ನು ಬಹು ಹಿಂದೆಯೇ ಇನ್ನೂ ಆಳವಾಗಿ ಹೇಳಿದೆ. ತಾನು ಮಾಡಿದ ಕೃತ, ಇತರರಿಂದ ಮಾಡಿಸಿದ ಕಾರಿತ, ಮಾಡಿದವರನ್ನು ಮೆಚ್ಚಿದ ಅನುಮೋದನ, ಈ ಮೂರರಿಂದಲೂ ಕರ್ಮಾಸ್ರವವಾಗುತ್ತದೆ.

ಈಗ ಕೆಲಸದವನನ್ನೂ ಯಂತ್ರವನ್ನೂ ಹೋಲಿಸಿ ನೋಡೋಣ. ಕೆಲಸದವನಿಗೆ ಹುಲ್ಲು ಕೊಯ್ಯಲು ಹೇಳಿದಾಗ ಹಿಂಸೆ ನನಗೆ ಕಾರಿತ, ಅವನಿಗೆ ಕೃತ. ಅವನಿಗೂ ಮನಸ್ಸಿದೆ, ಅವನು ನೋಡಿ ನಡೆಯಬಲ್ಲನು, ಗೂಡು ಕಂಡರೆ ಬಿಟ್ಟುಬಿಡಬಲ್ಲನು, ನನ್ನ ಮಾತನ್ನು ಮೀರಿಯೂ ದಯೆ ತೋರಬಲ್ಲನು. ಯಂತ್ರಕ್ಕೆ ಜೀವವಿಲ್ಲ, ಉಪಯೋಗವಿಲ್ಲ, ಕಷಾಯವಿಲ್ಲ. ಆದುದರಿಂದ ಕರ್ಮಬಂಧವೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಅದರ ಹೆಸರಿನ ಖಾತೆಯನ್ನೇ ತೆರೆಯಲಾಗದು. ಹಾಗಿರುವಾಗ ರಾತ್ರಿ ಎಂಟು ಗಂಟೆಗೆ ಅದು ಹೊರಟು ಮಾಡಿದ ಕೆಲಸದ ಬಾಕಿಯೆಲ್ಲ ಎಲ್ಲಿಗೆ ಹೋಗಬೇಕು? ವೇಳೆಯನ್ನು ನಿಗದಿ ಮಾಡಿದವನಿಗೂ, ಅದನ್ನು ಹಾಗೆಯೇ ಬಿಟ್ಟು ಮಲಗಿದವನಿಗೂ ಹೋಗಬೇಕು. ಇಲ್ಲಿ ಕಾರಿತವೆಂಬ ನೆಪವೂ ಉಳಿಯುವುದಿಲ್ಲ, ಕಾರಿತವೇ ಕೃತವಾಗುತ್ತದೆ. ಯಂತ್ರ ಸ್ವಯಂಚಾಲಿತವಾದಷ್ಟೂ ನಮ್ಮ ಪಾಪ ಹಗುರವಾಗುತ್ತದೆಂದು ಮನಸ್ಸು ಹೇಳುತ್ತದೆ. ಲೆಕ್ಕ ನೋಡಿದರೆ ಹೊಣೆಯನ್ನು ಹಂಚಿಕೊಳ್ಳುವವರು ಕಡಿಮೆಯಾಗುತ್ತಾರೆ, ಅಷ್ಟೇ.

ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದದ ಯೋಗವನ್ನು ಮುಂದಿಟ್ಟರು. ಯತ್ನಾಚಾರವಿಲ್ಲದವನಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ನಿಶ್ಚಿತವೆಂದೂ, ಸಮಿತಿಯುಳ್ಳ ಯತ್ನಶೀಲನಿಗೆ ಬಾಹ್ಯ ಪ್ರಾಣಹಾನಿಯಿಂದ ಮಾತ್ರವೇ ಬಂಧವಾಗದೆಂದೂ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ತಿಳಿಸಿದ್ದಾರೆ. ಇದನ್ನು ನಾನು ಯೌವನದಲ್ಲಿ ಓದಿದಾಗ, ಉದ್ದೇಶವಿಲ್ಲದವನಿಗೆ ದೋಷವಿಲ್ಲವೆಂಬ ಸಮಾಧಾನದ ಮಾತಿನಂತೆ ಕಂಡಿತ್ತು. ಆ ಕಪ್ಪೆಗಳನ್ನು ನೋಡಿದ ಮೇಲೆ ಅದರ ಇನ್ನೊಂದು ಮುಖ ಕಂಡಿತು. ಜೂನ್ ತಿಂಗಳಿಗೆ ಮೊದಲು ಮೇ ತಿಂಗಳಿಡೀ ಯಂತ್ರ ರಾತ್ರಿ ಓಡಾಡಿತ್ತು. ಒಂದು ಜೀವವೂ ಸತ್ತದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ರಾತ್ರಿಗಳಲ್ಲಿಯೂ ನಾನು ಪ್ರಮತ್ತನೇ ಆಗಿದ್ದೆ. ಕಪ್ಪೆಗಳು ಸತ್ತುದರಿಂದ ನನ್ನ ತಪ್ಪು ಹುಟ್ಟಲಿಲ್ಲ, ಅದು ಗೋಚರವಾಯಿತು.

ಕಣ್ಣಿಲ್ಲದ ನಡಿಗೆ

ಮುನಿಗಳು ಈರ್ಯಾಸಮಿತಿಯಲ್ಲಿ ಹಗಲು ಬೆಳಕಿನಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾರೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ ವಿಹಾರವನ್ನೇ ನಿಲ್ಲಿಸಿ ಚಾತುರ್ಮಾಸ್ಯ ಮಾಡುತ್ತಾರೆ. ನಮ್ಮ ಯಂತ್ರವಾದರೋ ಮುನಿಗಳು ನಡೆಯದ ಕಾಲದಲ್ಲಿ, ನಡೆಯದ ವೇಳೆಯಲ್ಲಿ, ನೋಡದೆ ನಡೆಯುತ್ತಿತ್ತು. ಹುಲ್ಲು ಹೆಚ್ಚು ಬೆಳೆಯುವುದೂ, ಕಪ್ಪೆ, ಎರೆಹುಳು, ಬಸವನಹುಳುಗಳು ಹೊರಬರುವುದೂ ಒಂದೇ ತಿಂಗಳುಗಳಲ್ಲಿ. ಮಲೆನಾಡಿನಲ್ಲಿ ಈ ಪ್ರಶ್ನೆ ಬೇರೆಡೆಗಿಂತ ಕಠಿಣವಾಗಿರುವುದು ಇದರಿಂದಲೇ.

ಯೂರೋಪಿನವರಿಗೂ ಈ ತೊಂದರೆ ಎದುರಾಗಿದೆ. ಅಲ್ಲಿ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಯಿದೆ. ರಾತ್ರಿ ಸಂಚರಿಸುತ್ತದೆ, ಅಪಾಯ ಬಂದರೆ ಓಡದೆ ಚೆಂಡಿನಂತೆ ಸುರುಳಿಯಾಗುತ್ತದೆ. ಡೆನ್ಮಾರ್ಕಿನ ಸಂಶೋಧಕಿ ಸೋಫಿ ಲುಂಡ್ ರಾಸ್ಮುಸ್ಸೆನ್ ಮತ್ತು ಸಂಗಡಿಗರು ಆಗಲೇ ಸತ್ತಿದ್ದ ಹೆಡ್ಜ್‌ಹಾಗ್‌ಗಳನ್ನು ಇಟ್ಟು 18 ಬಗೆಯ ಯಂತ್ರಗಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಒಂದು ಯಂತ್ರವೂ ಮುಟ್ಟದೆ ಮೊದಲೇ ಪ್ರಾಣಿಯನ್ನು ಗುರುತಿಸಲಿಲ್ಲ. 200 ಗ್ರಾಮಿಗಿಂತ ಕಡಿಮೆ ತೂಕದ ಮರಿಗಳನ್ನಂತೂ ಯಾವುದೂ ಗುರುತಿಸಲಿಲ್ಲ. ಕೆಲವು ಯಂತ್ರಗಳು ಹೆಚ್ಚು ಗಾಯ ಮಾಡಿದವು, ಕೆಲವು ಮಾಡಲಿಲ್ಲ. ನಮ್ಮ ನೆಲಗಪ್ಪೆಯ ತೂಕ ಇದಕ್ಕಿಂತಲೂ ಕಡಿಮೆ; ಅದೂ ಅಪಾಯದಲ್ಲಿ ಅಲುಗದೆ ಕುಳಿತುಬಿಡುತ್ತದೆ.

ಜರ್ಮನಿಯ ಕಲೋನ್ ನಗರವು 2024ರಲ್ಲಿ ಈ ಯಂತ್ರಗಳನ್ನು ರಾತ್ರಿಯಲ್ಲಿ ನಡೆಸುವುದನ್ನು ನಿಷೇಧಿಸಿತು. ರಾತ್ರಿಯಲ್ಲಿ ಸೂಕ್ಷ್ಮ ಜೀವಿಗಳು ಕಾಣವೆಂಬ ಕಾರಣದಿಂದ ರಾತ್ರಿಭೋಜನವನ್ನು ಬಿಟ್ಟ ಸಮಾಜಕ್ಕೆ ಸೇರಿದ ನಾನು, ನನ್ನ ಊಟವನ್ನು ಸೂರ್ಯಾಸ್ತಕ್ಕೆ ಮುಂಚೆ ಮುಗಿಸಿ, ಆಮೇಲೆ ನನ್ನ ಹುಲ್ಲುಹಾಸಿನ ಮೇಲೆ ಅಲಗುಗಳನ್ನು ತಿರುಗಲು ಬಿಟ್ಟಿದ್ದೆ. ಆ ನಗರದ ಸುದ್ದಿಯನ್ನು ಓದಿದಾಗ ನನಗೆ ನಾಚಿಕೆಯಾಯಿತು.

ಆಯ್ಕೆಯ ವಿಷಯ

ಈ ಯಂತ್ರವನ್ನು ಕೊಳ್ಳುವವರು ನಮ್ಮಲ್ಲಿ ಮುಂದೆ ಹೆಚ್ಚಬಹುದು. ಕೆಲಸಕ್ಕೆ ಜನ ಸಿಗದ ಕಾಲವಿದು. ವಯಸ್ಸಾದ ದಂಪತಿಗಳು ಮಾತ್ರವೇ ಇರುವ ಮನೆಗಳು ನಮ್ಮ ಕಡೆ ಅನೇಕ. ಆದುದರಿಂದ ಕೊಳ್ಳಬೇಡಿರೆಂದು ಹೇಳಿ ಕೈತೊಳೆದುಕೊಳ್ಳದೆ, ಕೊಳ್ಳುವವರು ಗಮನಿಸಬೇಕಾದ ವಿಷಯಗಳನ್ನು ಅನುಭವದಿಂದ ತಿಳಿಸುತ್ತೇನೆ.

ಮೊದಲನೆಯದು ಅಲಗು. ಬಹುಪಾಲು ಯಂತ್ರಗಳಲ್ಲಿ ತಿರುಗುವ ತಟ್ಟೆಗೆ ಬ್ಲೇಡಿನಂತಹ ಸಣ್ಣ ಅಲಗುಗಳನ್ನು ಸಡಿಲವಾಗಿ ಜೋಡಿಸಿರುತ್ತಾರೆ. ಗಟ್ಟಿಯಾದ ವಸ್ತು ತಗುಲಿದರೆ ಅವು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಇನ್ನು ಕೆಲವುಗಳಲ್ಲಿ ಬಿಗಿಯಾಗಿ ಕೂಡಿಸಿದ ದಪ್ಪ ಅಲಗು ಇರುತ್ತದೆ. ಮಡಚಿಕೊಳ್ಳುವ ಅಲಗೇ ಲೇಸು. ಅಲಗು ಹೊರಗಿನ ಕವಚದ ಅಂಚಿನಿಂದ ಎಷ್ಟು ಒಳಗಿದ್ದರೆ ಅಷ್ಟು ಒಳ್ಳೆಯದು. ಯಂತ್ರವನ್ನು ಎತ್ತಿದರೆ ಅಥವಾ ಅದು ವಾಲಿದರೆ ಅಲಗು ಒಡನೆ ನಿಲ್ಲಬೇಕು. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬೇಕು. ಕತ್ತರಿಸುವ ಎತ್ತರವನ್ನು ಬದಲಿಸುವ ಅವಕಾಶ ಸಾಮಾನ್ಯವಾಗಿ ಎರಡರಿಂದ ಆರು ಸೆಂಟಿಮೀಟರಿನವರೆಗೆ ಇರುತ್ತದೆ. ನಾವು ಅದನ್ನು ಗರಿಷ್ಠದಲ್ಲಿ ಇಟ್ಟಿದ್ದೇವೆ. ನೆಲಕ್ಕೆ ಅಂಟಿ ಚಲಿಸುವ ಜೀವಿಗಳಿಗೆ ಇದರಿಂದ ಸ್ವಲ್ಪ ಅಂತರ ಸಿಗುತ್ತದೆ. ಗರಿಕೆಯೂ ಬಿಸಿಲಿಗೆ ಒಣಗುವುದಿಲ್ಲ.

ಎರಡನೆಯದು ದಾರಿ ತಿಳಿಯುವ ಬಗೆ. ಹಳೆಯ ಬಗೆಯ ಯಂತ್ರಕ್ಕೆ ಹುಲ್ಲಿನ ಸುತ್ತ ಗಡಿ ತಂತಿಯನ್ನು ಗೂಟಗಳಿಂದ ನೆಲಕ್ಕೆ ಹೊಂದಿಸಿ ಕಟ್ಟಬೇಕು ಅಥವಾ ಸ್ವಲ್ಪ ಆಳದಲ್ಲಿ ಹೂಳಬೇಕು. ಹೂಳಲು ನೆಲ ಅಗೆಯಬೇಕಾಗುವುದರಿಂದ ಗೂಟವೇ ಮೇಲು. ಕೆಲವೇ ವಾರಗಳಲ್ಲಿ ಹುಲ್ಲು ಅದನ್ನು ಮುಚ್ಚಿಕೊಳ್ಳುತ್ತದೆ. ವಿದ್ಯುತ್ ಹೋದರೆ ತಂತಿಯ ಸಂಕೇತ ನಿಂತು ಯಂತ್ರವೂ ನಿಲ್ಲುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಇದು ನಿತ್ಯದ ಅನುಭವ. ಏಪ್ರಿಲ್, ಮೇ ತಿಂಗಳಿನ ಗುಡುಗು ಸಿಡಿಲಿನ ವೇಳೆಯಲ್ಲಿ ಪ್ಲಗ್ಗನ್ನೂ ತಂತಿಯ ತುದಿಗಳನ್ನೂ ಕಳಚಿಡದಿದ್ದರೆ ಒಳಗಿನ ಭಾಗಗಳು ಸುಟ್ಟುಹೋಗಬಹುದು. ಹೊಸ ಬಗೆಯವು ಉಪಗ್ರಹದ ಸಂಕೇತದಿಂದ ದಾರಿ ತಿಳಿಯುತ್ತವೆ. ಅವಕ್ಕೆ ತೆರೆದ ಆಕಾಶ ಬೇಕು. ಹಲಸು, ಮಾವು, ಅಡಿಕೆ ಮರಗಳ ನೆರಳಿನಲ್ಲಿ ದಾರಿ ತಪ್ಪುತ್ತವೆ. ಕ್ಯಾಮೆರಾ ಇರುವವು ಎದುರಿನ ವಸ್ತುವನ್ನು ಕಂಡು ತಿರುಗುತ್ತವೆ. ಕಣ್ಣಿಲ್ಲದವಕ್ಕಿಂತ ಇವು ಮೇಲು. ಆದರೆ ಕ್ಯಾಮೆರಾಗೂ ಬೆಳಕು ಬೇಕು. ಮಣ್ಣಿನ ಬಣ್ಣದ, ಅಲುಗದೆ ಕುಳಿತ, ಹಿಡಿಗಾತ್ರದ ಜೀವವನ್ನು ಅದು ಕಂಡೇ ಕಾಣುತ್ತದೆಂದು ನಂಬಿ ಮಲಗುವಂತಿಲ್ಲ.

ಮೂರನೆಯದು ಇಳಿಜಾರು. ಕೊಪ್ಪ, ಶೃಂಗೇರಿಯ ಕಡೆಯ ಮನೆಗಳು ಗುಡ್ಡದ ಓರೆಯಲ್ಲಿವೆ. ಸಾಮಾನ್ಯ ಯಂತ್ರಗಳು ನೂರಕ್ಕೆ 35ರ ಆಸುಪಾಸಿನ ಏರಿಕೆಯವರೆಗೆ ಹತ್ತಬಲ್ಲವು. ಒದ್ದೆ ಹುಲ್ಲಿನಲ್ಲಿ ಅದಕ್ಕಿಂತ ಕಡಿಮೆ. ಅದನ್ನು ಮೀರಿದ ಇಳಿಜಾರಿಗೆ ನಾಲ್ಕು ಚಕ್ರಕ್ಕೂ ಶಕ್ತಿಯಿರುವ ದುಬಾರಿ ಯಂತ್ರ ಬೇಕು. ಅಂತಹ ಇಳಿಜಾರನ್ನು ಹುಲ್ಲಿಗೇ ಬಿಟ್ಟರೆ ಮಣ್ಣು ಕೊಚ್ಚಿಹೋಗದೆ ಉಳಿಯುತ್ತದೆ.

ನಾಲ್ಕನೆಯದು, ವ್ಯಾಪಾರಿಯು ಹೇಳದ ವಿಷಯ. ಪೆಟ್ಟಿಗೆಯ ಮೇಲೆ ಇಷ್ಟು ಚದರ ಮೀಟರಿಗೆ ಸಾಕೆಂದು ಬರೆದಿರುವುದು ಅನೇಕ ಯಂತ್ರಗಳಲ್ಲಿ ಹಗಲು ರಾತ್ರಿ ನಡೆಸಿದರೆ ಎಂಬ ಲೆಕ್ಕದಲ್ಲಿ. ಬೆಳಕಿರುವ ಕೆಲವೇ ಗಂಟೆಗಳು ನಡೆಸುವವನಿಗೆ ಅಷ್ಟು ಜಾಗ ಎಟುಕುವುದಿಲ್ಲ. ಆಗ ಎರಡು ದಾರಿಗಳಿವೆ: ಇನ್ನೂ ದೊಡ್ಡ ಯಂತ್ರವನ್ನು ಕೊಳ್ಳುವುದು, ಇಲ್ಲವೇ ಹುಲ್ಲುಹಾಸನ್ನು ಕಿರಿದು ಮಾಡುವುದು. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಬೇಕೆಂದು ಕಲಿತವನಿಗೆ ಎರಡನೆಯದೇ ದಾರಿ.

ನಾವು ಮಾಡಿಕೊಂಡ ಏರ್ಪಾಡು

ದಿಗ್ವ್ರತ, ದೇಶವ್ರತಗಳಲ್ಲಿ ಶ್ರಾವಕನು ತನ್ನ ಓಡಾಟಕ್ಕೆ ಗಡಿ ಹಾಕಿಕೊಳ್ಳುತ್ತಾನೆ. ಗಡಿಯಾಚೆಯ ಜೀವಗಳಿಗೆ ಅವನಿಂದ ಯಾವ ಬಾಧೆಯೂ ಇಲ್ಲದಿರುವುದರಿಂದ ಅಷ್ಟರಮಟ್ಟಿಗೆ ಅವನ ಅಣುವ್ರತವೂ ಮಹಾವ್ರತದಂತಾಗುತ್ತದೆಂದು ಶ್ರಾವಕಾಚಾರವು ಹೇಳುತ್ತದೆ. ನಾನು ಗಡಿ ತಂತಿಯನ್ನು ಕಿತ್ತು ಮತ್ತೆ ಹಾಕಿಸಿದೆ. ಐದು ಗುಂಟೆಯಿದ್ದುದು ಎರಡು ಗುಂಟೆಯಾಯಿತು: ದಾರಿ, ಬಾಗಿಲ ಬಳಿ, ಮಕ್ಕಳ ಆಟದ ಜಾಗ. ಉಳಿದ ಮೂರು ಗುಂಟೆಯಲ್ಲಿ ಹುಲ್ಲು ತನ್ನಿಷ್ಟದಂತೆ ಬೆಳೆದು ಹೂವು ಬಿಡುತ್ತದೆ. ನೋಡಿದವರು ಮನೆಯ ಮುಂದೆ ಕಾಡು ಬೆಳೆದಿದೆಯೆನ್ನುತ್ತಾರೆ. ಮನೆಯವರಿಗೂ ಮೊದಲು ಕಸಿವಿಸಿಯಾಯಿತು; ಈಗ ಒಗ್ಗಿದೆ.

ವೇಳೆಯ ವಿಷಯದಲ್ಲಿ ನಮ್ಮ ಊಟದ ನಿಯಮವೇ ಅದಕ್ಕೂ ನಿಯಮ. ಸೂರ್ಯೋದಯದ ನಂತರ ಎರಡು ಗಳಿಗೆ, ಸೂರ್ಯಾಸ್ತದ ಮೊದಲು ಎರಡು ಗಳಿಗೆ, ಅಂದರೆ 48 ನಿಮಿಷಗಳನ್ನು ಬಿಡುವುದು ಕನಿಷ್ಠ. ನಾವು ಇನ್ನೂ ಹಿಂದೆ ಸರಿದು, ಬಿಸಿಲೇರಿ ಇಬ್ಬನಿ ಆರಿದ ಮೇಲೆ ಹತ್ತೂವರೆಯಿಂದ ಒಂದೂವರೆಯವರೆಗೆ ಮಾತ್ರ ನಡೆಸುತ್ತೇವೆ. ಅಷ್ಟಮಿ ಚತುರ್ದಶಿಗಳಲ್ಲಿ ನಾವು ಹಸಿರು ತರಕಾರಿಯನ್ನು ಬಿಡುವಂತೆ ಯಂತ್ರಕ್ಕೂ ಬಿಡುವು; ದಶಲಕ್ಷಣ ಪರ್ವದ ಹತ್ತು ದಿನಗಳೂ ಹಾಗೆಯೇ. ಮೊಬೈಲಿನಲ್ಲಿ ವಾರಗಳನ್ನು ನಮೂದಿಸಬಹುದು, ತಿಥಿಗಳನ್ನು ನಮೂದಿಸುವಂತಿಲ್ಲ. ಆದುದರಿಂದ ನಾನು ವೇಳಾಪಟ್ಟಿಯನ್ನೇ ತೆಗೆದುಹಾಕಿದೆ. ಪ್ರತಿ ಸಲವೂ ಪಂಚಾಂಗ ನೋಡಿ, ನೆಲ ನೋಡಿ, ಕೈಯಿಂದ ಗುಂಡಿ ಒತ್ತಿದರಷ್ಟೇ ಅದು ಹೊರಡುತ್ತದೆ. ಯಂತ್ರದ ದೊಡ್ಡ ಗುಣವೆಂದು ಮಾರುವವರು ಹೇಳುವ ಸ್ವಯಂಚಾಲನೆಯನ್ನೇ ಹೀಗೆ ಬಿಟ್ಟಂತಾಯಿತೆಂದು ಮಗನು ನಕ್ಕನು. ನಿಜ. ಬೆನ್ನು ಬಗ್ಗಿಸುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು; ಯತ್ನವನ್ನು ಒಪ್ಪಿಸಲಾಗದು. ಆಷಾಢ ಶ್ರಾವಣಗಳ ಜಡಿಮಳೆಯಲ್ಲಂತೂ ಅದನ್ನು ಹೊರಗೆ ತೆಗೆಯುವುದೇ ಇಲ್ಲ. ದಾರಿಯಷ್ಟನ್ನು ಕತ್ತಿಯಿಂದ ಸವರಿಸುತ್ತೇವೆ.

ಈ ಯಂತ್ರವನ್ನು ನೆರೆಯವರು ಎರವಲು ಕೇಳಿದಾಗ ನಾನು ಕೊಡಲಿಲ್ಲ. ಹಿಂಸೆಯ ಉಪಕರಣವನ್ನು ಇತರರಿಗೆ ಕೊಡುವುದು ಹಿಂಸಾದಾನವೆಂಬ ಅನರ್ಥದಂಡ. ನಿಷ್ಠುರನೆನಿಸಿಕೊಂಡೆ, ಕಾರಣವನ್ನು ವಿವರಿಸಿದ ಮೇಲೆ ಅವರು ಬೇಸರಿಸಲಿಲ್ಲ.

ಕೇಳಬೇಕಾಗಿದ್ದವನನ್ನು ಕೇಳದ ತಪ್ಪು

ಹೇಳಲು ಹಿಂಜರಿಕೆಯಾಗುವ ಒಂದು ಸಂಗತಿ ಉಳಿದಿದೆ. ಯಂತ್ರ ಬರುವ ಮೊದಲು ಇಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಮನೆಯ ಹುಲ್ಲನ್ನು ಕತ್ತಿಯಿಂದ ಕೊಯ್ಯುತ್ತಿದ್ದವನು ಒಬ್ಬನಿದ್ದಾನೆ. ಮಂಡಿನೋವಿನಿಂದ ಅವನಿಗೆ ಕುಳಿತು ಕೊಯ್ಯಲಾಗುತ್ತಿರಲಿಲ್ಲ. ಮುಂದೆ ವೀಡ್ ಕಟ್ಟರಿನವರು ಬಂದರು, ಆಮೇಲೆ ಈ ಯಂತ್ರ ಬಂತು. ಯಾರೂ ಅವನಿಗೆ ಒಂದು ಮಾತು ಹೇಳಲಿಲ್ಲ. ಕಪ್ಪೆಗಳು ಸತ್ತ ಕೆಲವು ದಿನಗಳ ನಂತರ ಅವನು ದಾರಿಯಲ್ಲಿ ಸಿಕ್ಕಿದಾಗ ನಾನು ಈ ಸಂಗತಿಯನ್ನು ತಿಳಿಸಿದೆ. ಅವನು ಹೇಳಿದ್ದು ಇಷ್ಟು: "ಮಳೆ ಬಿದ್ದ ರಾತ್ರಿ ಕಪ್ಪೆ ಹುಲ್ಲಲ್ಲೇ ಇರ್ತಾವೆ ಸಾಹುಕಾರ್ರೇ. ಬಿಸ್ಲು ಬಂದ್ಮೇಲೆ ಕೊಯ್ಬೇಕು. ನನ್ನ ಕೇಳಿದ್ರೆ ಹೇಳ್ತಿದ್ದೆ."

ಅವನು ಕೊಯ್ಯುವ ಮುನ್ನ ಕೋಲಿನಿಂದ ಹುಲ್ಲನ್ನು ತಟ್ಟುತ್ತಿದ್ದುದನ್ನೂ, ಟಿಟ್ಟಿಭದ ಮೊಟ್ಟೆಯಿದ್ದ ಕಡೆ ಒಂದು ತೇಪೆಯಷ್ಟು ಹುಲ್ಲನ್ನು ಬಿಟ್ಟುಬರುತ್ತಿದ್ದುದನ್ನೂ ನಾನು ಎಷ್ಟೋ ಸಲ ನೋಡಿದ್ದೆ. ಕೆಲಸ ಪೂರ್ತಿ ಮಾಡಲಿಲ್ಲವೆಂದು ಒಮ್ಮೆ ಗದರಿಸಿಯೂ ಇದ್ದೆ. ಅವನ ಕೈಯಲ್ಲಿ ಕತ್ತಿಯೊಂದೇ ಇರಲಿಲ್ಲ, ಸಮಿತಿಯೂ ಇತ್ತು. ನಾವು ಕತ್ತಿಯ ಕೆಲಸಕ್ಕೆ ಬದಲಿ ತಂದೆವು, ಸಮಿತಿಗೆ ತರಲಿಲ್ಲ. ಶಾಸ್ತ್ರಗ್ರಂಥಗಳು ನನ್ನ ಕಪಾಟಿನಲ್ಲಿದ್ದವು, ಆಚರಣೆ ಅವನಲ್ಲಿತ್ತು. ಅಂದಿನ ಸಾಮಾಯಿಕದಲ್ಲಿ ಆ ಎರಡು ಜೀವಗಳಿಗಾಗಿ ಮಾತ್ರವಲ್ಲದೆ ಇದಕ್ಕಾಗಿಯೂ ಆಲೋಚನೆ ಮಾಡಿಕೊಂಡೆ.

ಈಗ ಅವನು ಮತ್ತೆ ಬರುತ್ತಾನೆ. ಯಂತ್ರ ಹೊರಡುವ ಮೊದಲು ಕೋಲು ಹಿಡಿದು ಎರಡು ಗುಂಟೆಯನ್ನೂ ಒಮ್ಮೆ ನಡೆದು ನೋಡುವುದು ಅವನ ಕೆಲಸ. ಅದಕ್ಕೆ ಮಂಡಿ ಬಗ್ಗಿಸಬೇಕಾಗಿಲ್ಲ. ಕಪ್ಪೆ, ಬಸವನಹುಳು ಸಿಕ್ಕಿದರೆ ಗಡಿಯಾಚೆಯ ಹುಲ್ಲಿಗೆ ಬಿಡುತ್ತಾನೆ. ಮೊದಲಿನ ಕೂಲಿಯನ್ನೇ ಕೊಡುತ್ತೇವೆ. ಅವನು ಬರದ ದಿನ ನಾನು ನಡೆಯುತ್ತೇನೆ. ನನಗೂ ಬಾರದಿದ್ದರೆ ಯಂತ್ರ ಹೊರಡುವುದಿಲ್ಲ. ಹೀಗೆ ಮಾಡಿದುದರಿಂದ ಹಿಂಸೆ ಇಲ್ಲವಾಯಿತೆಂದು ನಾನು ಹೇಳುವುದಿಲ್ಲ. ಕಣ್ಣಿಗೆ ಕಾಣದ ಎಷ್ಟೋ ಕೀಟಗಳು ಈಗಲೂ ಸಾಯುತ್ತಿರಬೇಕು. ಬಾಕಿ ಶೂನ್ಯವಾಗಿಲ್ಲ, ಬಾಕಿ ಎಷ್ಟಿದೆಯೆಂದು ನೋಡುವ ಅಭ್ಯಾಸ ಮತ್ತೆ ಬಂದಿದೆ.

ಸಮಿತಿಗೆ ಕೊಟ್ಟ ಅಭಿಪ್ರಾಯ

ಬಸದಿಯ ಸಮಿತಿಯವರಿಗೆ ನಾನು ಬರೆದುಕೊಟ್ಟ ಅಭಿಪ್ರಾಯ ಚಿಕ್ಕದು. ಮನೆಯಲ್ಲಿ ಯಜಮಾನನೊಬ್ಬನಿರುತ್ತಾನೆ, ಹೊಣೆ ಅವನ ತಲೆಯ ಮೇಲೆ ನಿಲ್ಲುತ್ತದೆ. ಸಮಿತಿಯಲ್ಲಿ ಹೊಣೆ ಎಲ್ಲರದೂ ಆಗಿ ಕೊನೆಗೆ ಯಾರದೂ ಅಲ್ಲದಂತಾಗುತ್ತದೆ. ಅದರ ಮೇಲೆ ಸ್ವಯಂಚಾಲಿತ ಯಂತ್ರವೂ ಸೇರಿದರೆ ನೋಡುವ ಕಣ್ಣು ಒಂದೂ ಉಳಿಯುವುದಿಲ್ಲ. ಆದುದರಿಂದ ಯಂತ್ರದ ಬೆಲೆಯ ಪ್ರಸ್ತಾವಕ್ಕೆ ಮೊದಲು, ಅದು ಹೊರಡುವ ಪ್ರತಿದಿನವೂ ಮುಂದೆ ನಡೆದು ನೆಲ ನೋಡುವವರ ಹೆಸರನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಹೆಸರು ಬಂದರೆ ಪ್ರದಕ್ಷಿಣೆಯ ದಾರಿಗೂ ಬಾಗಿಲಿನ ಮುಂದಕ್ಕೂ ಸಾಕಾಗುವಷ್ಟು ಸಣ್ಣ ಯಂತ್ರವನ್ನು ಕೊಳ್ಳಿರಿ. ಹೆಸರು ಬಾರದಿದ್ದರೆ ಕೊಳ್ಳಬೇಡಿರಿ; ಕತ್ತಿ ಬಲ್ಲ ಒಬ್ಬನಿಗೆ ಕೂಲಿ ಕೊಡಿರಿ, ಬಿಸಿಲೇರಿದ ಮೇಲೆ ಬರಹೇಳಿರಿ.

ಸಭೆಯಲ್ಲಿ ನನ್ನ ಪತ್ರವನ್ನು ಓದಿದರೆಂದು ತಿಳಿಯಿತು. ಅಂದು ಯಾರ ಹೆಸರೂ ಬರಲಿಲ್ಲ. ಯಂತ್ರದ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಅಲ್ಲಿಯವರೆಗೆ ಬಸದಿಯ ಸುತ್ತ ಹುಲ್ಲು ಬೆಳೆಯುತ್ತಿದೆ. ಅದರಲ್ಲಿ ವಾಸಿಸುವ ಜೀವಗಳೂ ಇವೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳ ಧರ್ಮಬಂಧುಗಳು ತಮ್ಮ ವಿಚಾರವನ್ನು ತಿಳಿಸಿದರೆ ಕೃತಜ್ಞತೆಯಿಂದ ತಿದ್ದಿಕೊಳ್ಳುತ್ತೇನೆ.